ಅಮ್ಮನ ನೆನಪಿನ ಪುಸ್ತಿಕೆ ಮಾಡುವುದು ಹೇಗೆ: ಮೊದಲು ರದ್ದಿಯವನನ್ನು ತಡೆಯಿರಿ

ಅಮ್ಮ ತೀರಿಕೊಂಡ ಮೇಲೆ ಮೊದಲ ಮೂರು ತಿಂಗಳು ಮನೆಯಿಂದ ಒಂದು ಚೂರು ಕಾಗದವೂ ಹೊರಗೆ ಹೋಗಬಾರದು. ಮೊದಲಿಗೇ ಇದನ್ನು ಹೇಳುತ್ತಿದ್ದೇನೆ, ಯಾಕೆಂದರೆ ನಾವು ಮಾಡಿದ ತಪ್ಪು ಇದೇ. 2023ರ ಜುಲೈ. ಕಾರವಾರದ ಮಳೆ ಗೊತ್ತಲ್ಲ, ಮನೆ ತುಂಬ ನೆಂಟರು, ಹಗ್ಗದ ಮೇಲೆ ಒಣಗದ ಬಟ್ಟೆ, ಎಲ್ಲಿ ಮೂಗಿಟ್ಟರೂ ಬೂಷ್ಟು ವಾಸನೆ. ಏಳನೇ ದಿನದ ಪೂಜೆ ಮುಗಿದ ಮೇಲೆ ಸ್ವಲ್ಪ ಜಾಗ ಆಗಲಿ ಅಂತ ಅಟ್ಟದ ಮೇಲಿದ್ದ ಅವರ ಹಳೇ ಪಾಠ ಟಿಪ್ಪಣಿ ಪುಸ್ತಕಗಳನ್ನೆಲ್ಲ ಎರಡು ಗೋಣಿಚೀಲಕ್ಕೆ ತುಂಬಿ ರದ್ದಿಯವನಿಗೆ ತೂಕಕ್ಕೆ ಹಾಕಿದೆವು. ಹಾಕಿದೆವು ಏನು ಬಂತು, ಹಾಕಿದ್ದು ನಾನೇ.

ಒಂದೇ ಒಂದು ಉಳಿಯಿತು. ಅದೂ ಅಕ್ಕಿ ಡಬ್ಬಕ್ಕೆ ನೆಲದ ತೇವ ತಾಗಬಾರದು ಅಂತ ಕೆಳಗೆ ಇಟ್ಟಿದ್ದರಿಂದ. ತೆಗೆದು ನೋಡಿದರೆ ಒಳಗೆ ಪಾಠದ ಉದ್ದೇಶ, ಉಪಕರಣ, ಚಟುವಟಿಕೆ ಅಂತ ಇಲಾಖೆಗೆ ತೋರಿಸಬೇಕಾದ್ದೆಲ್ಲ ನೀಟಾಗಿ ನೀಲಿ ಶಾಯಿಯಲ್ಲಿತ್ತು. ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ಬೇರೆಯೇ ಒಂದು ಲೆಕ್ಕ. ಅವತ್ತು ಶಾಲೆಗೆ ಬಾರದ ಮಕ್ಕಳ ಹೆಸರು, ಪಕ್ಕದಲ್ಲಿ ಕಾರಣ. "ರಂಪಣಿಗೆ ಹೋಗಿದ್ದಾನೆ, ಮಧ್ಯಾಹ್ನದ ಮೇಲೆ ಬರುತ್ತಾನೆ." (ರಂಪಣಿ ಅಂದರೆ ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ.) "ತಂಗಿಯನ್ನು ನೋಡಿಕೊಳ್ಳಲು." "ನಟ್ಟಿ" (ಗದ್ದೆ ನಾಟಿ). "ಅಂಗಿ ಒಣಗಿಲ್ಲ." ಒಂದು ಹೆಸರಿನ ಮುಂದೆ ಮೂರು ದಿನ ಬರೇ ಪ್ರಶ್ನೆ ಚಿಹ್ನೆ, ನಾಲ್ಕನೇ ದಿನ "ಮನೆಗೆ ಹೋಗಿ ಬಂದೆ". ಇಂಥ ಎಷ್ಟು ಪುಸ್ತಕ ಆ ಗೋಣಿಚೀಲಗಳಲ್ಲಿ ಇದ್ದವೋ ಏನೋ.

ಆ ಪುಸ್ತಕ ಕೈಗೆ ಸಿಕ್ಕಿದ ಮೇಲೆಯೇ ವರ್ಷದ ಪೂಜೆಗೆ ಒಂದು ಸಣ್ಣ ಪುಸ್ತಿಕೆ ಮಾಡೋಣ ಅನ್ನಿಸಿದ್ದು. ನಾನು ಬರೆಯುವವಳಲ್ಲ. ಲೆಕ್ಕ ಬರೆಯುವುದು ನನ್ನ ಕೆಲಸ. ಆದರೂ ಒಂದು ವರ್ಷ ಅಲೆದಾಡಿ 32 ಪುಟ ಮಾಡಿದೆ. ಆಗ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಅಮ್ಮ ಶಿಕ್ಷಕಿಯಾಗಿದ್ದರೆ, ಚರ್ಚಿನ ಕೆಲಸಕ್ಕೂ ಓಡಾಡುತ್ತಿದ್ದರೆ ನಿಮಗೆ ನೇರವಾಗಿ ಉಪಯೋಗ ಆಗುತ್ತದೆ. ಚರ್ಚಿನ ಜಾಗದಲ್ಲಿ ದೇವಸ್ಥಾನವೋ ಮಸೀದಿಯೋ ಮಹಿಳಾ ಮಂಡಳವೋ ಇದ್ದರೂ ಅರ್ಧಕ್ಕಿಂತ ಜಾಸ್ತಿ ಹೊಂದುತ್ತದೆ. ಮುಖ್ಯವಾಗಿ ಒಂದು ತಿಳಿದಿರಲಿ: ನಮಗೆ ಗೊತ್ತಿರುವ ಅಮ್ಮ ಅಂದರೆ ಸಂಜೆ ಐದೂವರೆಗೆ ದಣಿದು ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ಮಾತ್ರ. ಅದಕ್ಕಿಂತ ಮುಂಚಿನ ಇಡೀ ದಿನ ಬೇರೆಯವರ ಹತ್ತಿರ ಇದೆ. ಹೋಗಿ ಕೇಳದಿದ್ದರೆ ಸಿಗುವುದಿಲ್ಲ.

ಫೋನು ಮತ್ತು ದನಿ

ಕಾಗದ ಸ್ವಲ್ಪ ದಿನ ಕಾಯುತ್ತದೆ. ಫೋನು ಕಾಯುವುದಿಲ್ಲ. 90 ದಿನ ಕರೆ, ಮೆಸೇಜು, ರೀಚಾರ್ಜು ಏನೂ ಇಲ್ಲದಿದ್ದರೆ ಕಂಪನಿಯವರು ಸಿಮ್ ಬಂದ್ ಮಾಡಬಹುದು. ಆಮೇಲೆ ಅದೇ ನಂಬರು ಯಾರಿಗೋ ಹೋಗುತ್ತದೆ. ವಾಟ್ಸಾಪ್ ಖಾತೆ 120 ದಿನ ಬಳಸದೆ ಇದ್ದರೆ ಅಳಿಸಿ ಹೋಗುತ್ತದೆ. ಹಾಗಾಗಿ ಅಮ್ಮನ ಫೋನಿಗೆ ಸಣ್ಣದೊಂದು ರೀಚಾರ್ಜು ಮಾಡಿಸಿಕೊಂಡು ನಿಧಾನಕ್ಕೆ ಒಳಗಿರುವುದನ್ನು ಹೊರಗೆ ತೆಗೆಯಿರಿ. ನಿಮ್ಮ ಫೋನಿನಲ್ಲೇ ಅವರ ಚಾಟ್ ತೆರೆದು ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಮೀಡಿಯಾ ಸಮೇತ ಅಂತ ಆಯ್ಕೆ ಮಾಡಿ ಇಮೇಲಿಗೆ ಕಳಿಸಿಕೊಳ್ಳಿ. ಅಣ್ಣ, ತಂಗಿ, ಸೊಸೆ, ಮೊಮ್ಮಕ್ಕಳು ಎಲ್ಲರಿಗೂ ಹೀಗೇ ಮಾಡಲು ಹೇಳಿ. ಅಮ್ಮ ನನಗೆ ಕಳಿಸಿದ ವಾಯ್ಸ್ ಮೆಸೇಜುಗಳೆಲ್ಲ ಹತ್ತು ಸೆಕೆಂಡಿನವು, "ಬಂಗಡೆ ತಗೊಂಡಿದ್ದೇನೆ, ನೀ ತರಬೇಡ" ಥರದವು. ಗಲ್ಫಿನಲ್ಲಿರುವ ತಮ್ಮನಿಗೆ ಮಾತ್ರ ನಾಲ್ಕು ನಾಲ್ಕು ನಿಮಿಷದ್ದು. ಒಂದರಲ್ಲಿ ನೆವ್ರ್ಯೊ (ಕರಿದ ಸಿಹಿ ಕಡುಬು) ಮಾಡುವ ಕ್ರಮ ಪೂರ್ತಿ ಇದೆ, ಮಧ್ಯದಲ್ಲಿ ಕುಕ್ಕರ್ ಕೂಗಿದ್ದೂ ಇದೆ. ಅದು ಇರುವುದೇ ನಮಗೆ ಗೊತ್ತಿರಲಿಲ್ಲ.

ಅಡುಗೆ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮ್ಮಂದಿರ ಅಳತೆ ಯಾವಾಗಲೂ "ಒಂದು ಲೋಟ". ಯಾವ ಲೋಟ? ಆ ಲೋಟ ಹುಡುಕಿ, ನೀರು ತುಂಬಿ ಅಳೆಯಿರಿ. ನಮ್ಮದು ಸ್ಟೀಲಿನದು, ಅಂಚು ಒಂದು ಕಡೆ ತಗ್ಗಿದೆ, 170 ಎಂ.ಎಲ್. ಹಿಡಿಯುತ್ತದೆ. ಅಷ್ಟು ಗೊತ್ತಾದ ಮೇಲೆ ತಮ್ಮನ ಹೆಂಡತಿ ಮಾಡಿದ ನೆವ್ರ್ಯೊ ಸರಿ ಬಂತು.

ಇಳಿಸಿಕೊಂಡದ್ದನ್ನು ಮೂರು ಕಡೆ ಇಡಿ: ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಊರಿನಲ್ಲಿರುವ ಯಾರಾದರೂ ಮನೆಯವರ ಹತ್ತಿರ ಒಂದು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಪೆನ್‌ಡ್ರೈವ್ ತುಕ್ಕು ಹಿಡಿಯುವುದನ್ನು ಕಣ್ಣಾರೆ ನೋಡಿದ್ದೇನೆ.

ಪೂಜೆಯಲ್ಲಿ ಮಾತಾಡುವುದಿದ್ದರೆ

ತುಂಬ ಜನರಿಗೆ ಇದು ಗೊತ್ತಿರುವುದಿಲ್ಲ, ಆಮೇಲೆ ಫಾದರ್ ಬೇಡ ಅಂದರು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ರೋಮನ್ ಕಥೋಲಿಕ ನಿಯಮದ ಪ್ರಕಾರ ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಫಾದರ್ ಕೊಡುವ ಪ್ರಸಂಗದ ಜಾಗದಲ್ಲಿ ತೀರಿಕೊಂಡವರ ಗುಣಗಾನ ಮಾಡುವಂತಿಲ್ಲ. ಆದರೆ ಪರಮಪ್ರಸಾದದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯ) ನಂತರದ ಪ್ರಾರ್ಥನೆ ಆಗಿ, ಕೊನೆಯ ಬೀಳ್ಕೊಡುಗೆ ಪ್ರಾರ್ಥನೆ ಶುರುವಾಗುವ ಮುಂಚೆ ಮನೆಯವರೋ ಸ್ನೇಹಿತರೋ ಒಬ್ಬರು ನಾಲ್ಕು ಮಾತು ಹೇಳಲು ಅವಕಾಶ ಇದೆ. ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ. ಅವತ್ತು ಆಗದಿದ್ದರೆ ತಿಂಗಳ ಪೂಜೆಗೆ, ವರ್ಷದ ಪೂಜೆಗೆ, ಇಲ್ಲವೇ ಮನೆಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಕೂತಲ್ಲೇ ಹೇಳಬಹುದು.

ಮೂರು ನಿಮಿಷ ಸಾಕು. ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಅಂತ ಇಡೀ ಬದುಕು ಹೇಳಲು ಹೋಗಬೇಡಿ, ಅಲ್ಲಿ ಕೂತವರಿಗೆ ಅದು ಗೊತ್ತಿದೆ. ಒಂದೇ ಘಟನೆ ಹೇಳಿ. ಫೋನು ನೋಡಿ ಓದಬೇಡಿ, ಕಣ್ಣು ತುಂಬಿದಾಗ ಅಕ್ಷರ ಕಾಣುವುದಿಲ್ಲ, ಪರದೆ ಆರಿ ಹೋಗುತ್ತದೆ. ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ, ಇನ್ನೊಂದು ಪ್ರತಿ ಮೊದಲ ಬೆಂಚಿನಲ್ಲಿ ಕೂತವರ ಕೈಯಲ್ಲಿ ಇರಲಿ. ನನ್ನ ದನಿ ಎರಡನೇ ಸಾಲಿಗೇ ಕಟ್ಟಿತು. ಉಳಿದದ್ದನ್ನು ದೊಡ್ಡಮ್ಮನ ಮಗ ಬಂದು ಓದಿದ.

ಭಾಷೆಯ ಪ್ರಶ್ನೆ ಒಂದು ಬರುತ್ತದೆ. ನಮ್ಮದು ಕೊಂಕಣಿ ಮನೆ. ಮನೆಯಲ್ಲಿ ಅಮ್ಮ ಅಂದರೆ ಮಾಂಯ್. ಪ್ರಾರ್ಥನೆ, ಬೈಗುಳ, ಮೀನಿನ ಚೌಕಾಸಿ ಎಲ್ಲ ಕೊಂಕಣಿಯಲ್ಲೇ. ಶಾಲೆಯಲ್ಲಿ ಪೂರ್ತಿ ಕನ್ನಡ. ಮಣ್ಣು ಕೊಡಲು ಬಂದವರಲ್ಲಿ ಅರ್ಧ ಜನ ಅವರ ಹಳೇ ವಿದ್ಯಾರ್ಥಿಗಳು, ಅವರಲ್ಲಿ ಹಾಲಕ್ಕಿ ಸಮುದಾಯದ ಮಕ್ಕಳಿದ್ದರು, ಅವರಿಗೆ ಚರ್ಚಿನ ಕೊಂಕಣಿ ಎಲ್ಲಿ ಅರ್ಥ ಆಗಬೇಕು? ಮೊದಲ ಎರಡು ವಾಕ್ಯ ಕೊಂಕಣಿಯಲ್ಲಿ ಹೇಳಿ ಘಟನೆಯನ್ನು ಕನ್ನಡದಲ್ಲಿ ಹೇಳಿದೆವು. ಪುಸ್ತಿಕೆಯಲ್ಲೂ ಹೀಗೇ: ವಿವರಣೆ ಕನ್ನಡದಲ್ಲಿ, ಅವರು ಆಡಿದ ಮಾತು ಆಡಿದ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ. "ದೇವ್ ಬರೆಂ ಕರುಂ" ಅನ್ನುವುದನ್ನು "ದೇವರು ಒಳ್ಳೆಯದು ಮಾಡಲಿ" ಅಂತ ತಿರುಗಿಸಿದರೆ ಅದು ನಮ್ಮ ಅಮ್ಮ ಅಲ್ಲ, ಯಾರೋ ಸ್ವಾಮೀಜಿ.

ಜನರ ಹತ್ತಿರ ಕೇಳುವುದು

ಇಲ್ಲಿ ನಿಧಾನ ಮಾಡಿ. ಪುಸ್ತಿಕೆಯ ಜೀವ ಇರುವುದು ಇದರಲ್ಲೇ.

"ಅಮ್ಮ ಹೇಗಿದ್ದರು?" ಅಂತ ಮಾತ್ರ ಕೇಳಬೇಡಿ. "ದೇವರಂಥವರು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಮೊದಲ ಹತ್ತು ಜನರ ಹತ್ತಿರ ಹೀಗೇ ಕೇಳಿ ಹತ್ತು ಸಲ "ದೇವರಂಥವರು" ಬರೆದುಕೊಂಡು ಬಂದೆ. ಆಮೇಲೆ ಪ್ರಶ್ನೆ ಬದಲಿಸಿದೆ: "ನಿಮಗೆ ಯಾವಾಗ ಬೈದಿದ್ದರು?" ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ಅರ್ಧ ಗಂಟೆ ಮಾತಾಡುತ್ತಾರೆ. ಇನ್ನೂ ಕೆಲವು ಪ್ರಶ್ನೆ ಕೆಲಸ ಮಾಡಿದವು. ಟಿಫಿನ್ ಡಬ್ಬಿಯಲ್ಲಿ ಏನಿರುತ್ತಿತ್ತು? ಮಳೆಗಾಲದಲ್ಲಿ ಹೇಗೆ ಬರುತ್ತಿದ್ದರು? ಯಾರ ಹತ್ತಿರ ಮಾತು ಬಿಟ್ಟಿದ್ದರು?

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಊರಿನ ಗುರುತು ಹಿಡಿದು ಕೇಳಿ. ಕಾಳಿ ನದಿಯ ಸೇತುವೆ ಆಗುವ ಮುಂಚೆಯಾ, ಆಮೇಲಾ? ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಆಚೆಯವರು ಬಂದ ಮೇಲಾ? ಕೊಂಕಣ ರೈಲು ಬಂದಿತ್ತಾ? ರೈಲು ಅಂದರೆ 1998 ಅಂತ ನೀವು ಬರೆದುಕೊಳ್ಳಿ. ಕಡವಾಡದಲ್ಲಿ ಗುಡ್ಡ ಕುಸಿದ ವರ್ಷ ಅಂದರೆ 2009. ಶಿರಸಿ, ಯಲ್ಲಾಪುರ ಕಡೆಯಾದರೆ ಅಲ್ಲಿಯ ಗುರುತುಗಳು ಬೇರೆ ಇರುತ್ತವೆ, ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ಅದರ ಮೇಲೆ ಲೆಕ್ಕ ಹಾಕುವವರು ಬೇಕಾದಷ್ಟು ಜನ ಇದ್ದಾರೆ.

ಮೀನು ಮಾರ್ಕೆಟ್ಟಿನಲ್ಲಿ ಒಬ್ಬರು ಸಿಕ್ಕಿದರು. ನನಗಿಂತ ದೊಡ್ಡವರು. ಅಮ್ಮನ ಹೆಸರು ಹೇಳಿದೆ, ಗುರುತು ಸಿಗಲಿಲ್ಲ. "ಅಕ್ಕೋರು, ಕನ್ನಡಕದವರು, ಚರ್ಚಿಗೂ ಹೋಗ್ತಿದ್ದರು" ಅಂದೆ. ಕೊಯ್ಯುತ್ತಿದ್ದ ಕತ್ತಿ ನಿಲ್ಲಿಸಿದರು. "ಆ ಬಾಯಿನಾ?" ಅಂದರು. ನಮ್ಮಲ್ಲಿ ಶಿಕ್ಷಕಿಯನ್ನು ಕೊಂಕಣಿ ಮಕ್ಕಳು ಬಾಯಿ ಅನ್ನುತ್ತಾರೆ, ಕನ್ನಡದವರು ಅಕ್ಕೋರು ಅನ್ನುತ್ತಾರೆ, ಒಬ್ಬರೇ ಮನುಷ್ಯರು ಎರಡು ಹೆಸರಲ್ಲಿ ಬದುಕಿರುತ್ತಾರೆ. ಅವರು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಬಿಟ್ಟ ಮೇಲೂ ಅಮ್ಮ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಮೀನು ಕಟ್ಟಿದ ಕಾಗದದ ಮೇಲೆ ಅವರ ಕೈಯಿಂದ ಒಂದು ಸಾಲು ಬರೆಸಿಯೇ ದುಡ್ಡು ಕೊಡುತ್ತಿದ್ದರಂತೆ. "ಸಂಘದ ಪುಸ್ತಕದಲ್ಲಿ ಎಲ್ಲರದ್ದೂ ಹೆಬ್ಬೆಟ್ಟು, ನಂದು ಮಾತ್ರ ಸಹಿ" ಅಂದು, ಒದ್ದೆ ಬೆರಳಿನಿಂದಲೇ ಕಲ್ಲಿನ ಮೇಲೆ ಸಹಿ ಮಾಡಿ ತೋರಿಸಿದರು. ಆ ಪ್ಯಾರಾ ಬರೆಯಲು ನಾನು ಏನೂ ಕಷ್ಟ ಪಡಲಿಲ್ಲ. ಅವರು ಹೇಳಿದ್ದನ್ನು ಹಾಗೇ ಹಾಕಿದೆ.

ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ. ಬೇಡ ಅಂದವರ ಮಾತನ್ನು ಮನೆಗೆ ಹೋದ ಕೂಡಲೇ ಬರೆದಿಡಿ. ನಾಳೆ ಬರೆಯೋಣ ಅಂದರೆ ಅದು ನಿಮ್ಮ ಮಾತಾಗಿಬಿಡುತ್ತದೆ.

ಒಂದು ಕಹಿ ವಿಷಯ. ಒಬ್ಬ ಹಳೇ ವಿದ್ಯಾರ್ಥಿ ಹೇಳಿದರು: "ಅಕ್ಕೋರು ನನಗೆ ಒಂದು ಸಲ ಕೈ ಊದುವ ಹಾಗೆ ಹೊಡೆದಿದ್ದರು. ಸೀಮೆಸುಣ್ಣ ಕದ್ದವನು ನಾನಲ್ಲ." ಅವರು ಸಿಟ್ಟಿನಿಂದ ಹೇಳಲಿಲ್ಲ, ಮುಗಿದು ಹೋದ ಲೆಕ್ಕ ಅನ್ನುವ ಹಾಗೆ ಹೇಳಿದರು. ಇದನ್ನು ಹಾಕಬೇಕೋ ಬೇಡವೋ ಅಂತ ನನಗೂ ತಮ್ಮನಿಗೂ ಹದಿನೈದು ದಿನ ಜಗಳ. ಅವನು ಬೇಡ ಅಂದ, ನಾನು ಬೇಕು ಅಂದೆ. ಕೊನೆಗೆ ಹಾಕಿದೆವು, ಆ ವಿದ್ಯಾರ್ಥಿಯ ಒಪ್ಪಿಗೆ ಕೇಳಿ, ಹೆಸರಿಲ್ಲದೆ. ಪುಸ್ತಿಕೆ ಓದಿದ ಎಷ್ಟೋ ಜನ ಉಳಿದದ್ದೆಲ್ಲ ನಿಜ ಅಂತ ನಂಬಿದ್ದು ಆ ಪುಟದಿಂದಲೇ ಅಂತ ನನ್ನ ಅನಿಸಿಕೆ. ತಮ್ಮ ಈಗಲೂ ಒಪ್ಪುವುದಿಲ್ಲ.

ಜಗಳದ ಮಾತು ಬಂದದ್ದಕ್ಕೆ ಇನ್ನೊಂದು: ಅಣ್ಣತಮ್ಮಂದಿರು ನಾಲ್ಕು ಜನ ಸೇರಿ ಬರೆಯಲು ಹೋಗಬೇಡಿ. ಒಬ್ಬರು ಬರೆಯಲಿ. ಉಳಿದವರು ಹೆಸರು, ತಾರೀಖು, ಸಂಬಂಧ ತಪ್ಪಿದ್ದರೆ ತಿದ್ದಲಿ, ಅಷ್ಟೇ.

ಶಾಲೆಯ ದಾಖಲೆ, ಚರ್ಚಿನ ದಾಖಲೆ

ಸರ್ಕಾರಿ ಶಾಲೆಯಲ್ಲಿದ್ದವರಾದರೆ ಮೊದಲು ಸೇವಾ ಪುಸ್ತಕದ ಪ್ರತಿ ಹುಡುಕಿ. ಮನೆಯಲ್ಲಿ ಪಿಂಚಣಿ ಕಾಗದದ ಜೊತೆ ಇರಬಹುದು, ಇಲ್ಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ. ನಮ್ಮ ಜಿಲ್ಲೆಯಲ್ಲಿ ಕಾರವಾರ ಮತ್ತು ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ ಇರುವುದು ಮರೆಯಬೇಡಿ. ಕರಾವಳಿಯ ತಾಲೂಕುಗಳು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಅಮ್ಮನ ಮೊದಲ ನೇಮಕ ಜೋಯಿಡಾ ಕಡೆಯ ಏಕೋಪಾಧ್ಯಾಯ ಶಾಲೆಗೆ, ಆದ್ದರಿಂದ ಎರಡು ಕಡೆ ಅಲೆಯಬೇಕಾಯಿತು.

ಸೇವಾ ಪುಸ್ತಕ ನೋಡಲು ಬರೇ ಒಣ ಲೆಕ್ಕ. ರಜೆಯ ಪುಟ ಮಾತ್ರ ನಿಧಾನಕ್ಕೆ ಓದಿ. ಹೆರಿಗೆ ರಜೆ ಅಂದರೆ ನೀವು ಹುಟ್ಟಿದ್ದು. 1986ರಲ್ಲಿ ಒಂದು ತಿಂಗಳ ಅರ್ಜಿತ ರಜೆ ಇತ್ತು, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮನ ಹತ್ತಿರ ಕೇಳಿದಾಗ ಅಜ್ಜಿಯ ಕೊನೆಯ ಕಾಯಿಲೆ ಅಂತ ತಿಳಿಯಿತು, ಅಲ್ಲಿಂದ ಎರಡು ಪುಟ ಬಂತು. ಶಾಲೆಗೆ ಹೋದರೆ ಭೇಟಿ ಪುಸ್ತಕ ತೋರಿಸಿ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಬಂದ ಅಧಿಕಾರಿಗಳು ಪಾಠ ನೋಡಿ ಬರೆದ ಎರಡು ಸಾಲು ಅದರಲ್ಲಿ ಇರುತ್ತದೆ. ಕೈ ಬೀಸಿಕೊಂಡು ಹೋಗಬೇಡಿ, ಶಾಲೆಯ ಲೈಬ್ರರಿಗೆ ನಾಲ್ಕು ಮಕ್ಕಳ ಪುಸ್ತಕ ಹಿಡಿದು ಹೋಗಿ.

ಹುಟ್ಟಿದ ತಾರೀಖಿನ ಬಗ್ಗೆ ಎಚ್ಚರ. ಆ ಕಾಲದ ಎಷ್ಟೋ ಜನ ಶಾಲೆಯ ಲೆಕ್ಕದಲ್ಲಿ ಜೂನ್ 1ಕ್ಕೇ ಹುಟ್ಟಿದವರು, ಸೇರಿಸಿಕೊಳ್ಳುವ ಮಾಸ್ತರರು ಅದನ್ನೇ ಬರೆದುಬಿಡುತ್ತಿದ್ದರು. ಅಮ್ಮನದ್ದೂ 1949ರ ಜೂನ್ 1. ಚರ್ಚಿನ ಜ್ಞಾನಸ್ನಾನದ (ಬ್ಯಾಪ್ಟಿಸಮ್ಮಿನ) ವಹಿಯಲ್ಲಿ, ಅಂದರೆ ರಿಜಿಸ್ಟರಿನಲ್ಲಿ, ನೋಡಿದರೆ 1950ರ ಅಕ್ಟೋಬರ್. ಒಂದು ವರ್ಷ ನಾಲ್ಕು ತಿಂಗಳು ಹೆಚ್ಚು ವಯಸ್ಸು ಹಾಕಿಸಿ ಶಾಲೆಗೆ ಸೇರಿಸಿದ್ದರು. ಅದರಿಂದ ಏನಾಯಿತು ಅಂದರೆ 2007ರ ಮೇ ಕೊನೆಗೆ 58 ತುಂಬಿತು ಅಂತ ನಿವೃತ್ತಿ. ಮರುವರ್ಷ, 2008ರಲ್ಲಿ, ಸರ್ಕಾರ ನಿವೃತ್ತಿ ವಯಸ್ಸನ್ನು 60ಕ್ಕೆ ಏರಿಸಿತು. ಅಸಲಿ ತಾರೀಖು ಇದ್ದಿದ್ದರೆ 2010ರವರೆಗೆ ಶಾಲೆಯಲ್ಲೇ ಇರುತ್ತಿದ್ದರು. ನಿವೃತ್ತಿಯ ನಂತರ ಅವರು ಆರು ತಿಂಗಳು ಸುಮ್ನೆ ಜಗಲಿಯಲ್ಲಿ ಕೂತಿರುತ್ತಿದ್ದದ್ದು ಆಗ ನೆನಪಾಯಿತು.

ಜ್ಞಾನಸ್ನಾನದ ವಹಿಯಲ್ಲಿ ಬರೇ ಹುಟ್ಟು ಇರುವುದಿಲ್ಲ. ತಂದೆ ತಾಯಿ, ದೇವಮಾತಾಪಿತರ (ಜ್ಞಾನಸ್ನಾನಕ್ಕೆ ಜೊತೆ ನಿಂತವರ) ಹೆಸರು ಇರುತ್ತದೆ, ಮುಂದೆ ಮದುವೆಯಾದದ್ದನ್ನೂ ಅಂಚಿನಲ್ಲಿ ಬರೆದಿರುತ್ತಾರೆ. ಕಾರವಾರ ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತದ ವಲಯ) ಆದದ್ದು 1976ರಲ್ಲಿ. ಅದಕ್ಕೂ ಮುಂಚೆ ಬೆಳಗಾವಿಯ ಕೆಳಗೆ, ಬೆಳಗಾವಿ ಧರ್ಮಪ್ರಾಂತ್ಯವೂ ಹುಟ್ಟಿದ್ದು 1953ರಲ್ಲಿ. ಅದಕ್ಕಿಂತ ಹಿಂದೆ ಇಲ್ಲಿಯ ನಂಟು ಗೋವಾದ್ದು. ಹಾಗಾಗಿ ಹಳೇ ಪುಟಗಳಲ್ಲಿ ಪೋರ್ಚುಗೀಸೋ ಲ್ಯಾಟಿನ್ನೋ ಕಂಡರೆ ಗಾಬರಿ ಬೇಡ. ವಯಸ್ಸಾದ ಫಾದರ್ ಯಾರಾದರೂ ಓದಿ ಹೇಳುತ್ತಾರೆ. ವಹಿಯ ಫೋಟೋ ಹೊಡೆಯಲು ಬಿಡದೆ ಇರಬಹುದು, ಒತ್ತಾಯ ಮಾಡಬೇಡಿ, ಕೈಯಲ್ಲಿ ಬರೆದುಕೊಳ್ಳಿ.

ಚರ್ಚಿನ ಕೆಲಸ ಮಾಡಿದವರ ಬಗ್ಗೆ ಕಾಗದ ಕಡಿಮೆ, ಆದರೂ ಇದೆ. ಅಮ್ಮ ಮರಿಯ ಸೇನೆ (ಲೀಜನ್ ಆಫ್ ಮೇರಿ) ಅನ್ನುವ ಚರ್ಚಿನ ಸಂಘದಲ್ಲಿ ಇದ್ದರು. ಅದರಲ್ಲಿ ಪ್ರತಿ ವಾರದ ಸಭೆಯಲ್ಲಿ ಸದಸ್ಯರು ಹಿಂದಿನ ವಾರ ಏನು ಮಾಡಿದೆ ಅಂತ ವರದಿ ಹೇಳಬೇಕು, ಕಾರ್ಯದರ್ಶಿ ಬರೆದಿಡುತ್ತಾರೆ. ಆ ಪುಸ್ತಕಗಳು ಸಿಕ್ಕಿದರೆ ನಿಧಿ ಸಿಕ್ಕಿದ ಹಾಗೆ. "ಆಸ್ಪತ್ರೆ ಭೇಟಿ, 2 ಗಂಟೆ" ಅಂತ ಒಂದೇ ಸಾಲು, ವಾರದ ಮೇಲೆ ವಾರ, ವರ್ಷಗಟ್ಟಲೆ. ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯ ಲೆಕ್ಕ ಸಿಕ್ಕಿದರೆ ಮಾತ್ರ ಒಂದು ನಿಯಮ ಇಟ್ಟುಕೊಳ್ಳಿ: ಯಾರಿಗೆ ಅಕ್ಕಿ ಕೊಟ್ಟರು, ಯಾರ ಫೀಸು ಕಟ್ಟಿದರು ಅನ್ನುವ ಹೆಸರು ಪುಸ್ತಿಕೆಯಲ್ಲಿ ಬರಬಾರದು. ಅಮ್ಮ ಬಾಯಿ ಬಿಡದೆ ಮಾಡಿದ್ದನ್ನು ನಾವು ಅಚ್ಚು ಹಾಕಿ ಹಂಚಿದರೆ ಹೇಗೆ?

ಕಾಗದದಲ್ಲಿ ಇಲ್ಲದ್ದೂ ಇದೆ. ಪ್ರತಿ ಶನಿವಾರ ಅಮ್ಮ ಅಲ್ತಾರಿನ (ಚರ್ಚಿನ ಪೂಜಾಪೀಠದ) ಬಟ್ಟೆಗಳನ್ನು ಮನೆಗೆ ತಂದು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುತ್ತಿದ್ದರು. ಅಷ್ಟು ನಮಗೆ ಗೊತ್ತಿತ್ತು. ಮೊದಲ ಸಲ ಅದ್ದಿದ ನೀರನ್ನು ಬಚ್ಚಲಿಗೆ ಚೆಲ್ಲದೆ ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕುತ್ತಿದ್ದರು. ಆ ಬುಡಕ್ಕೆ ಕಾಲಿಟ್ಟರೆ ನಮಗೆ ಬೈಗುಳ. ಗಿಡದ ಮೇಲೆ ಅಷ್ಟು ಪ್ರೀತಿ ಅಂದುಕೊಂಡಿದ್ದೆವು, ನಲವತ್ತು ವರ್ಷ ಹಾಗೇ ಅಂದುಕೊಂಡಿದ್ದೆವು. ಚರ್ಚಿನಲ್ಲಿ ಗಂಟೆ ಹೊಡೆಯುವ ಅಜ್ಜನ ಹತ್ತಿರ ಸುಮ್ನೆ ಕೂತಿದ್ದಾಗ ಅವರು ಹೇಳಿದರು: ಪಾತ್ರೆ ಒರೆಸಿದ ಆ ಬಟ್ಟೆಗಳಲ್ಲಿ ಪರಮಪ್ರಸಾದದ ಕಣ ಉಳಿದಿರಬಹುದು, ಅದಕ್ಕೇ ಮೊದಲ ನೀರು ಚರಂಡಿಗೆ ಹೋಗಬಾರದು, ಮಣ್ಣಿಗೇ ಹೋಗಬೇಕು, ಅದನ್ನು ಯಾರೂ ತುಳಿಯಬಾರದು. ಒಂದು ಮಾತು ಬಿಡಿಸಿ ಹೇಳಬಹುದಿತ್ತು ಅಮ್ಮ. ಶಾಲೆಯಲ್ಲಿ ಎಲ್ಲ ಬಿಡಿಸಿ ಹೇಳುವವರು ಮನೆಯಲ್ಲಿ ಹೇಳುತ್ತಿರಲಿಲ್ಲ.

ಫೋಟೋ

ಅಂಟು ಹಾಳೆಯ ಆಲ್ಬಮ್ಮು, ಅಂದರೆ ಮೇಲೆ ಪ್ಲಾಸ್ಟಿಕ್ ಎಳೆದು ಮುಚ್ಚುವಂಥದ್ದು, ಫೋಟೋವನ್ನು ಹಾಳು ಮಾಡುತ್ತದೆ. ಸುಲಭವಾಗಿ ಬಂದರೆ ತೆಗೆಯಿರಿ, ಬಾರದಿದ್ದರೆ ಕೀಳಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ಸಣ್ಣ ಫೋಟೋಗಳಿಗೆ ಸ್ಕ್ಯಾನರಿನ ಸ್ಪಷ್ಟತೆಯನ್ನು 600 ಡಿಪಿಐ ಇಡಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಆರಿಸಿ ಮೊಬೈಲಿನಲ್ಲಿ ತೆಗೆಯಿರಿ. ಮಳೆಗಾಲದಲ್ಲಿ ಬೇಡ. ಹಿಂದೆ ಬರೆಯುವುದಿದ್ದರೆ ಮೆತ್ತಗಿನ ಪೆನ್ಸಿಲ್ ಮಾತ್ರ, ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ.

ಶಾಲೆಯ ಗ್ರೂಪ್ ಫೋಟೋ ಇದ್ದೇ ಇರುತ್ತದೆ. ಅದನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿ ಕೈಯಲ್ಲಿ ಹಿಡಿದು ಹೋಗಿ. ಯಾರು ಯಾರು ಅಂತ ಕೇಳಿ ಮುಖದ ಮೇಲೆಯೇ ಹೆಸರು ಬರೆಯಿರಿ. ಒಂದು ಮುಖ ಗುರುತು ಹಿಡಿದವರು ಮೂರು ಜನರ ಫೋನ್ ನಂಬರು ಕೊಡುತ್ತಾರೆ. ನನಗೆ ಅರ್ಧ ಜನ ಸಿಕ್ಕಿದ್ದು ಹೀಗೆ.

ಬರೆಯುವುದು, ಅಚ್ಚು ಹಾಕಿಸುವುದು

ಬರೆದ ಮೇಲೆ ಒಂದು ಕೆಂಪು ಪೆನ್ನು ಹಿಡಿದು ಪ್ರೀತಿಯ, ಕರುಣಾಮಯಿ, ಶಿಸ್ತಿನ, ಸರಳ, ನಿಸ್ವಾರ್ಥ ಅನ್ನುವುದನ್ನೆಲ್ಲ ಹೊಡೆದು ಹಾಕಿ. ಆ ವಾಕ್ಯದಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಇಟ್ಟುಕೊಳ್ಳಿ. ನನ್ನ ಮೊದಲ ಕರಡಿನಲ್ಲಿ "ಅಮ್ಮ ತುಂಬ ಶಿಸ್ತಿನವರು" ಅಂತ ಇತ್ತು. ಹೊಡೆದೆ. ಅದರ ಜಾಗದಲ್ಲಿ ಬಂದದ್ದು: "ಮೊದಲ ಗಂಟೆಗೆ ಹತ್ತು ನಿಮಿಷ ಮುಂಚೆ ತರಗತಿಗೆ ಬಂದು, ಹಿಂದಿನ ದಿನದ ತಾರೀಖು ಒರೆಸಿ ಇವತ್ತಿನದು ಬರೆದು, ಉಳಿದ ಸೀಮೆಸುಣ್ಣದ ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವಾಗ ಆ ತುಂಡುಗಳೇ ಬಳಕೆಗೆ ಬರುತ್ತಿದ್ದವು." ಸರ್ಕಾರದ ಸೀಮೆಸುಣ್ಣ ಚರ್ಚಿಗೆ ಹೋದದ್ದನ್ನು ಬರೆಯಬೇಕಾ ಅಂತ ದೊಡ್ಡಮ್ಮ ಕೇಳಿದರು. ಬರೆದೆ.

ಅಚ್ಚಿನ ವಿಷಯ ಬೇಗ ಮುಗಿಸುತ್ತೇನೆ. ಎ5 ಅಳತೆ ಸಾಕು. ಮಧ್ಯದಲ್ಲಿ ಪಿನ್ ಹೊಡೆಸುವುದಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, 28, 32, 36 ಹೀಗೆ. ನೀವು ಮೊಬೈಲಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಕೆಲವು ಪ್ರೆಸ್ಸುಗಳಲ್ಲಿ ಇನ್ನೂ ಹಳೇ ಫಾಂಟುಗಳಿಗೆ ಬದಲಿಸಿಕೊಂಡು ಪುಟ ಕಟ್ಟುತ್ತಾರೆ, ಆಗ ಒತ್ತಕ್ಷರ, ಅರ್ಕಾವೊತ್ತು ಎಡವಟ್ಟಾಗುತ್ತವೆ. ನಮ್ಮ ಕರಡಚ್ಚಿನಲ್ಲಿ ಇಗರ್ಜಿ (ಚರ್ಚು) ಹೋಗಿ "ಇಗಜಿ" ಆಗಿತ್ತು, ಫಾದರ್‌ಗೆ ಅನ್ನುವುದು "ಫಾದರ್ಗೆ" ಆಗಿತ್ತು. ಪ್ರೆಸ್ಸಿನವರು ಎಲ್ಲ ಸರಿ ಇದೆ ಅಂದರು. ನಂಬಬೇಡಿ. ಒಬ್ಬರು ಜೋರಾಗಿ ಓದಿ, ಇನ್ನೊಬ್ಬರು ಬೆರಳಿಟ್ಟು ನೋಡಿ. ಮಳೆಗಾಲದಲ್ಲಿ ಪೂಜೆ ಇದ್ದರೆ ಒಂದು ತಿಂಗಳು ಮುಂಚೆಯೇ ಕೊಡಿ, ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಾಗದು.

ನಾವು 150 ಪ್ರತಿ ಮಾಡಿಸಿದೆವು, ಕೊನೆಗೆ ಸಾಲಲಿಲ್ಲ. ಶಾಲೆಗೆ ಎರಡು, ಚರ್ಚಿಗೆ ಎರಡು ಕೊಡಿ. ಪೂಜೆಗೆ ಬರಲಾಗದವರಿಗೆ ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಸಮಾಧಿಗೆ ಹೂವು ಇಡಲು ಬಂದಾಗ ಕೊಡಬಹುದು, ಅವತ್ತು ದೂರದ ಊರಿನವರೂ ಬರುತ್ತಾರೆ. ಮತ್ತೆ, ಕೊನೆಯಲ್ಲಿ ಎರಡು ಪುಟ ಖಾಲಿ ಬಿಡಿ. ಮೇಲೆ "ನಿಮಗೆ ಗೊತ್ತಿರುವುದನ್ನು ಇಲ್ಲಿ ಬರೆದು ನಮಗೆ ತೋರಿಸಿ" ಅಂತ ಹಾಕಿ. ಕಾಗದ ದಂಡ ಅಂತ ತಮ್ಮ ಅಂದಿದ್ದ.

ನಮ್ಮ ಪುಸ್ತಿಕೆ ಹೊರಗೆ ಹೋದದ್ದು 2024ರ ಜುಲೈಯಲ್ಲಿ. ಆಗಸ್ಟ್ 7ರ ನಸುಕಿನಲ್ಲಿ ಹಳೇ ಕಾಳಿ ಸೇತುವೆ ಕುಸಿದು ಬಿತ್ತಲ್ಲ, ಆ ವಾರ ಊರಿಡೀ ನದಿಯದ್ದೇ ಮಾತು, ಸೇತುವೆ ಇಲ್ಲದ ಕಾಲದ್ದೇ ಮಾತು. ಬಿದ್ದ ಸೇತುವೆ ನೋಡಲು ಬಂದ ಅಮ್ಮನ ಒಬ್ಬ ಹಳೇ ವಿದ್ಯಾರ್ಥಿ ಹಾಗೇ ಕೋಡಿಬಾಗದಲ್ಲಿ ನಮ್ಮ ಮನೆಗೂ ಬಂದರು, ಕೈಯಲ್ಲಿ ಪುಸ್ತಿಕೆ ಇತ್ತು. ಒಂಬತ್ತನೇ ಪುಟದಲ್ಲಿ ನಾನು "ಅಮ್ಮ ಸದಾಶಿವಗಡದ ಕಡೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದರು" ಅಂತ ಬರೆದಿದ್ದೆ. ಅವರು ಅದರ ಕೆಳಗೆ ಗೆರೆ ಎಳೆದು ಖಾಲಿ ಪುಟದಲ್ಲಿ ಹೀಗೆ ಬರೆದಿದ್ದರು (ತಾರಿ ಅಂದರೆ ನದಿ ದಾಟಿಸುವ ದೋಣಿ, ಪಟ್ಟಿ ಅಂದರೆ ನಮ್ಮಲ್ಲಿ ನೋಟ್‌ಬುಕ್ಕು): "ಬಸ್ಸು ಆಮೇಲೆ. ಮೊದಲು ತಾರಿ. ಅಕ್ಕೋರು ದೋಣಿಯಲ್ಲಿ ಕೂತು ನಮ್ಮ ಪಟ್ಟಿ ತಿದ್ದುತ್ತಿದ್ದರು. ಒಂದು ಪಟ್ಟಿ ನೀರಿಗೆ ಬಿದ್ದಿತ್ತು. ಅದು ನನ್ನದು. ಅದಕ್ಕೆ ಪೂರ್ತಿ ಅಂಕ ಕೊಟ್ಟರು."

ಉಳಿದಿದ್ದ ಪ್ರತಿಗಳಲ್ಲಿ ಆ ಸಾಲನ್ನು ಕೈಯಲ್ಲೇ ಬರೆದು ಅಂಟಿಸಿದ್ದೇನೆ.